ಮಾರ್ಚ್ ಎಂಡಿಗೂ ಡ್ಯಾಂ ನೀರಿಗೂ ತಾಳೆಯಾಗಲ್ಲ: ಹಿನ್ನೀರಿಗೊಂದು ಇಳಿದಾರಿ ಮಾಡಿಸಿದ ಕತೆ

ನಾವು ಸರ್ಕಾರವನ್ನು ಕೇಳಿದ್ದು ದೊಡ್ಡದೇನಲ್ಲ. ತುಂಗಭದ್ರಾ ಹಿನ್ನೀರಿಗೆ ಇಳಿಯೋಕೆ ಒಂದು ಕಾಂಕ್ರೀಟ್ ಇಳಿಜಾರು, ಪಕ್ಕದಲ್ಲಿ ಮೆಟ್ಟಿಲು, ಮೇಲೆ ಒಂದೆರಡು ಟಾಟಾ ಏಸ್ ಮತ್ತು ಹತ್ತಾರು ಬೈಕ್ ನಿಲ್ಲುವಷ್ಟು ಜಾಗ. ತೆಪ್ಪ ಇಳಿಸುವ ಮೀನುಗಾರರಿಗೂ ಅನುಕೂಲ, ಭಾನುವಾರ ಗಾಳ ಹಿಡಿದುಕೊಂಡು ಹೋಗಿ ಕೂರುವ ನಮ್ಮಂಥವರಿಗೂ ಅನುಕೂಲ. ದುಡ್ಡಿಲ್ಲ ಅಂತ ಯಾರೂ ಹೇಳಲಿಲ್ಲ. ದುಡ್ಡು ಇತ್ತು. ಆದರೆ ದುಡ್ಡು ಕೈಗೆ ಬರುವ ಹೊತ್ತಿಗೆ ಕೆಲಸದ ಜಾಗದಲ್ಲಿ ನೀರು ಇರುತ್ತಿತ್ತು, ನೀರು ಇಳಿಯುವ ಹೊತ್ತಿಗೆ ದುಡ್ಡು ವಾಪಸ್ ಹೋಗುವ ತಾರೀಖು ದಾಟಿರುತ್ತಿತ್ತು. ನಮ್ಮ ಅರ್ಧ ಶಕ್ತಿ ಈ ಗಂಟು ಬಿಡಿಸೋಕೇ ಹೋಯಿತು.

ನನ್ನದು ಕೊಪ್ಪಳದಲ್ಲಿ ಝೆರಾಕ್ಸ್ ಅಂಗಡಿ. ಸರ್ಕಾರಿ ಕಚೇರಿಗಳ ಹತ್ತಿರವೇ ಇರೋದರಿಂದ ದಿನಕ್ಕೆ ಎಷ್ಟು ಜನರ ಅರ್ಜಿ ನನ್ನ ಮೆಷಿನ್ ಮೇಲೆ ಹಾದು ಹೋಗುತ್ತೋ ಲೆಕ್ಕವಿಲ್ಲ. ಹಾಗಾಗಿ ಕಾಗದದ ಕೆಲಸ ನನ್ನ ತಲೆಗೆ ಬಂತು. ಹಿನ್ನೀರ ದಂಡೆಯ ಆ ಊರಿನ ಹೆಸರು ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಭಾನುವಾರ ಗಾಳ ಹಾಕೋಕೆ ನನಗೇ ಜಾಗ ಇರಲ್ಲ.

ಯಾಕೆ ಬೇಕಿತ್ತು ಅಂತ ಮೊದಲು ಹೇಳಿಬಿಡ್ತೀನಿ. ಡ್ಯಾಂ ಕಟ್ಟಿ ಎಪ್ಪತ್ತು ವರ್ಷ ದಾಟಿತು. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಇವತ್ತು ಹಿಡಿಯೋದು 105 ಚಿಲ್ಲರೆ. ಉಳಿದ ಜಾಗದಲ್ಲೆಲ್ಲ ಹೂಳು. ಪೇಪರಿನಲ್ಲಿ ಅದು ಒಂದು ಅಂಕಿ. ದಂಡೆಯಲ್ಲಿ ನಿಂತರೆ ಅದು ಮೊಣಕಾಲವರೆಗೆ ಹೂತುಕೊಳ್ಳುವ ಕೆಸರು. ಬೆಳಗಿನ ಜಾವ ತೆಪ್ಪಗಳು ದಂಡೆಗೆ ಬರುತ್ತವೆ. ಹೆಣ್ಣುಮಕ್ಕಳು ಪ್ಲಾಸ್ಟಿಕ್ ಕ್ರೇಟ್ ತಲೆ ಮೇಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಕಿತ್ತು ಇಡುತ್ತಾ ಮೇಲಕ್ಕೆ ಬರಬೇಕು. ಚಪ್ಪಲಿ ಮೊದಲೇ ಬಿಚ್ಚಿರುತ್ತಾರೆ, ಇಲ್ಲಾಂದ್ರೆ ಕೆಸರೇ ಬಿಚ್ಚಿಕೊಳ್ಳುತ್ತದೆ. ಮೇಲೆ ರಸ್ತೆಯಲ್ಲಿ ವ್ಯಾಪಾರಿಯ ಗಾಡಿ ಹಾರ್ನ್ ಹೊಡೀತಾ ನಿಂತಿರುತ್ತದೆ. ಒಮ್ಮೆ ಒಬ್ಬರು ಅವ್ವ ಕ್ರೇಟ್ ಸಮೇತ ಜಾರಿ ಬಿದ್ದರು. ಕಾಟ್ಲಾ, ರೋಹು ಎಲ್ಲಾ ಕೆಸರಲ್ಲಿ. ತೊಳೆದು ತಂದರೂ ವ್ಯಾಪಾರಿ ಕಿಲೋಗೆ ಇಷ್ಟು ಕಮ್ಮಿ ಅಂದುಬಿಟ್ಟ. ಅವರ ಮೊಣಕೈ ಕೆತ್ತಿ ಹೋಗಿತ್ತು, ಅದನ್ನ ಯಾರೂ ನೋಡಲಿಲ್ಲ. ಗಾಳದವರು ನಾವು ಜಾರಿ ಬಿದ್ದರೆ ಪ್ಯಾಂಟು ಕೊಳೆಯಾಗುತ್ತೆ ಅಷ್ಟೇ, ಅವರಿಗೆ ಆ ದಿನದ ದುಡಿಮೆಯೇ ಹೋಗುತ್ತೆ.

ಮೊದಲು ನದಿ ಕಡೆ, ಅಂದ್ರೆ ಡ್ಯಾಂ ಕೆಳಗೆ ಜಾಗ ನೋಡಿದ್ದೆವು. ಅಲ್ಲಿ ನೀರು ಹತ್ತಿರ, ಬಂಡೆ ಗಟ್ಟಿ, ಎಲ್ಲಾ ಚೆನ್ನಾಗಿದೆ. ಆದರೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆನೆಗೊಂದಿ ಆಸುಪಾಸು ಅಂದ್ರೆ ಹಂಪಿ ಪ್ರಾಧಿಕಾರದ ಅನುಮತಿಯೂ ಬೇಕು. ನೀರುನಾಯಿಗೆ ತೊಂದರೆ ಕೊಟ್ಟು ನಾವು ಗಾಳ ಹಾಕೋದು ಸರಿಯೂ ಅಲ್ಲ. ಆ ಆಸೆ ಅಲ್ಲಿಗೇ ಬಿಟ್ಟೆವು.

ಇನ್ನು ದುಡ್ಡಿನ ವಿಷಯ. ಮೊದಲು ಹೋಗಿದ್ದು ಮತ್ಸ್ಯ ಸಂಪದ ಯೋಜನೆ ಹುಡುಕಿಕೊಂಡು. 2020ರಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಅದರ ಪಟ್ಟಿಯಲ್ಲಿ ಅಲಂಕಾರಿಕ ಮೀನಿನ ಜೊತೆಗೆ ಮನರಂಜನಾ ಮೀನುಗಾರಿಕೆಗೂ ಒಂದು ಸಾಲು ಇದೆ. ನೋಡಿ ಖುಷಿಯಾಯಿತು. ಪೂರ್ತಿ ಓದಿದ ಮೇಲೆ ಗೊತ್ತಾಗಿದ್ದು, ಅದು ಫಲಾನುಭವಿಗೆ ಸಿಗುವ ಸಹಾಯಧನ. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60. ಉಳಿದದ್ದು ನಮ್ಮ ಜೇಬಿನಿಂದ. ಒಬ್ಬರು ಜಾಗ ಹಿಡಿದು ವ್ಯಾಪಾರ ಮಾಡುವುದಾದರೆ ಸರಿ. ಎಲ್ಲರೂ ಓಡಾಡುವ ದಾರಿಗೆ ಯಾರು ಶೇ 60 ಹಾಕುತ್ತಾರೆ ಹೇಳಿ?

ಆಮೇಲೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ವರ್ಷಕ್ಕೆ ಒಬ್ಬ ಶಾಸಕರಿಗೆ 2 ಕೋಟಿ. ಇಡೀ ಕ್ಷೇತ್ರಕ್ಕೆ ಅದೇ ಆಗಬೇಕು. ಸಮುದಾಯ ಭವನ, ಗುಡಿ ಮುಂದಿನ ಪೇವರ್ಸ್, ಶಾಲೆ ಕಾಂಪೌಂಡ್ ಕೇಳುವವರ ಸಾಲು ನಮಗಿಂತ ಎಷ್ಟೋ ಉದ್ದ. ಗಣಿ ದುಡ್ಡು, ಅಂದ್ರೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ, ಬಳ್ಳಾರಿ ಕಡೆ ಜಾಸ್ತಿ. ಸಂಡೂರಿನ ಗೆಳೆಯ "ನಮ್ಮ ಕಡೆ ಬಂದ್ಬಿಡ್ರೋ" ಅಂತ ನಗಾಡಿದ. ಹಿನ್ನೀರನ್ನು ಹೊತ್ತುಕೊಂಡು ಹೋಗೋಕೆ ಆಗಲ್ಲವಲ್ಲ.

ಉಳಿದಿದ್ದು ಕೆಕೆಆರ್‌ಡಿಬಿ. ಅಂದ್ರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದ ಮೇಲೆ ಆದದ್ದು. 2024-25ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ಅಂತ ಘೋಷಣೆ ಆಗಿತ್ತು. ಕ್ರಿಯಾಯೋಜನೆಯಲ್ಲಿ ಕೆಲಸದ ಹೆಸರು ಸೇರಬೇಕು, ಅಷ್ಟೇ. ಸೇರಬೇಕಾದರೆ ಗ್ರಾಮಸಭೆ ಠರಾವು, ಜಾಗದ ಕಾಗದ, ಎಸ್ಟಿಮೇಟ್, ಇವು ಕೈಯಲ್ಲಿರಬೇಕು. ಶಿಫಾರಸು ಪತ್ರ ಒಂದೇ ಹಿಡಿದುಕೊಂಡು ಓಡಾಡುವವರನ್ನು ನನ್ನ ಅಂಗಡಿಯಲ್ಲಿ ದಿನಾ ನೋಡ್ತೀನಿ. ಅದು ಕೆಲಸದ ಹೆಸರನ್ನು ಪಟ್ಟಿಯವರೆಗೆ ತರುತ್ತೆ. ಅಲ್ಲಿಂದ ಮುಂದೆ ಕಾಗದ ಇಲ್ಲದಿದ್ದರೆ ಹೆಸರು ಪಟ್ಟಿಯಲ್ಲೇ ಉಳಿಯುತ್ತೆ.

ಇದೆಲ್ಲ ನಡೀತಾ ಇರುವಾಗ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಒಂದು ಫೋಟೊ ಕಳಿಸಿದ. ಕೆರೆ ದಂಡೆಯಲ್ಲಿ ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು, ಪಕ್ಕದಲ್ಲಿ ಗಾಳ ಹಾಕುವವರು ಕೊಟ್ಟ ದುಡ್ಡಿನಲ್ಲಿ ಕಟ್ಟಿದ್ದು ಅಂತ ಒಂದು ಬೋರ್ಡು. "ಮಾಮಾ, ಇಲ್ಲಿ ಇದಕ್ಕಂತನ ಬ್ಯಾರೆ ತೆರಿಗಿ ಐತಿ ನೋಡು" ಅಂದ. ಅವತ್ತು ರಾತ್ರಿ ಅಂಗಡಿ ಮುಚ್ಚಿ ಅದನ್ನೇ ಓದಿದೆ. 1950ರಲ್ಲಿ ಮಾಡಿದ ಕಾಯ್ದೆ, ಡಿಂಗೆಲ್-ಜಾನ್ಸನ್ ಅಂತಾರೆ. ಗಾಳದ ಕೋಲು, ರೀಲು ಮಾಡುವ ಕಂಪನಿಗಳ ಮೇಲೆ ಶೇ 10 ತೆರಿಗೆ. 1984ರಲ್ಲಿ ತಿದ್ದುಪಡಿ ಮಾಡಿ ಮೋಟಾರ್ ದೋಣಿಗೆ ಸುಡುವ ಪೆಟ್ರೋಲಿನ ತೆರಿಗೆಯನ್ನೂ ಇದಕ್ಕೇ ಸೇರಿಸಿದರು. ಆ ದುಡ್ಡು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹಂಚಿಕೆಯಲ್ಲಿ ಶೇ 60 ಲೆಕ್ಕ ಆ ರಾಜ್ಯದಲ್ಲಿ ಗಾಳದ ಲೈಸನ್ಸ್ ತೆಗೆದುಕೊಂಡವರ ಸಂಖ್ಯೆ ಮೇಲೆ, ಶೇ 40 ನೆಲ-ನೀರಿನ ವಿಸ್ತೀರ್ಣದ ಮೇಲೆ. ರಾಜ್ಯ ಮೊದಲು ಖರ್ಚು ಮಾಡಿ ಶೇ 75ರವರೆಗೆ ವಾಪಸ್ ಪಡೆಯಬಹುದು. ಬಂದ ಪಾಲಿನಲ್ಲಿ ಶೇ 15 ದೋಣಿ ಇಳಿಸುವ ದಾರಿ, ಜೆಟ್ಟಿ ಇಂಥವಕ್ಕೆ ಇಡಲೇಬೇಕು. ಲೈಸನ್ಸ್ ಶುಲ್ಕವನ್ನು ರಸ್ತೆಗೋ ಕಟ್ಟಡಕ್ಕೋ ಬಳಸಿದರೆ ಈ ಪಾಲೇ ಬರಲ್ಲ.

ನನಗೆ ಹಿಡಿಸಿದ್ದು ಆ ಲೈಸನ್ಸಿನ ಲೆಕ್ಕ. ಗಾಳದವನು ಅಲ್ಲಿ ಒಂದು ಸಂಖ್ಯೆ. ಅವನು ಹೆಚ್ಚಾದರೆ ದುಡ್ಡು ಹೆಚ್ಚಾಗುತ್ತದೆ. ನಮ್ಮಲ್ಲಿ ಕೊಪ್ಪಳ, ಹೊಸಪೇಟೆ, ಗಂಗಾವತಿಯಿಂದ ಭಾನುವಾರ ಎಷ್ಟು ಜನ ಹಿನ್ನೀರಿಗೆ ಬರುತ್ತಾರೆ ಅಂತ ಯಾರ ಹತ್ತಿರವೂ ಬರೆದಿಟ್ಟದ್ದಿಲ್ಲ. ನಾವೂ ಕೋಲಿಗೆ, ದಾರಕ್ಕೆ ಜಿಎಸ್‌ಟಿ ಕಟ್ಟುತ್ತೇವೆ. ಅದು ದೊಡ್ಡ ಸಮುದ್ರಕ್ಕೆ ಸೇರಿಕೊಂಡು ಹೋಗುತ್ತೆ. ಹಾಗಂತ ಹೊಸ ತೆರಿಗೆ ಹಾಕಿ ಅಂತ ನಾನು ಕೇಳ್ತಿಲ್ಲ, ಮಾರಾಯ್ರೆ. ಬಂದವರ ಲೆಕ್ಕವಾದರೂ ಇಡಿ ಅಂತೀನಿ. ಅದಕ್ಕೇ ನಾವು ಅರ್ಜಿ ಜೊತೆ ಒಂದು ರಿಜಿಸ್ಟರ್ ಇಟ್ಟೆವು. ದಂಡೆಯ ಚಹಾ ಅಂಗಡಿಯಲ್ಲಿ ಒಂದು ನೋಟ್‌ಬುಕ್, ಬಂದವರು ಊರು ಬರೆದು ಸಹಿ ಹಾಕೋದು. ಆಮೇಲೆ ಒಂದು ಕಚೇರಿಯಲ್ಲಿ ಆ ನೋಟ್‌ಬುಕ್ಕಿನ ಝೆರಾಕ್ಸ್ ನೋಡಿದ ಮೇಲೇ "ಓ, ಇಷ್ಟ್ ಮಂದಿ ಬರ್ತಾರೇನ್ರಿ" ಅಂತ ಕುರ್ಚಿ ತೋರಿಸಿದ್ದು.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಯಿತು. ಅದು ಎಲ್ಲರಿಗೂ ಗೊತ್ತಿರೋದೇ. ತುಂಬಿದ ಡ್ಯಾಂನಿಂದ ಸಾಕಷ್ಟು ನೀರು ಹೊರಗೆ ಬಿಡಬೇಕಾಗಿ ಬಂತು, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಲ್ಲೇ ತಾತ್ಕಾಲಿಕ ಗೇಟು, ಅಂದ್ರೆ ಸ್ಟಾಪ್‌ಲಾಗ್ ಇಳಿಸಿದರು. ಆಗ ನಮ್ಮ ಇಳಿದಾರಿ ಕಡತದ ಬಗ್ಗೆ ಕೇಳೋಕೆ ನಾಲಿಗೆಯೇ ಏಳಲಿಲ್ಲ. ರೈತರ ಬೆಳೆ ಹೋಗುತ್ತೆ ಅನ್ನುವ ಹೆದರಿಕೆಯಲ್ಲಿ ನಾಲ್ಕು ಜಿಲ್ಲೆ ಕೂತಿದ್ದವು. ಪುಣ್ಯಕ್ಕೆ ಮಳೆ ಕೈಹಿಡಿಯಿತು, ಮತ್ತೆ ತುಂಬಿತು. ಆಮೇಲೆ ಜೆಇ (ಕಿರಿಯ ಎಂಜಿನಿಯರ್) ಸಾಹೇಬರು ಅಳತೆಗೆ ಬಂದರು.

ಇಲ್ಲಿಂದ ಅಸಲಿ ಕತೆ. ನೀರು ತುಂಬಿ ನಿಂತಿತ್ತು. ಟೇಪ್ ಹಿಡಿದು ರಸ್ತೆಯಿಂದ ನೀರಿನ ಅಂಚಿನವರೆಗೆ ಅಳೆದರು, ಬರೆದುಕೊಂಡರು. ನೀರು ಮುಟ್ಟಿತಲ್ಲ, ಮುಗೀತು. ಮೀನುಗಾರರ ಸಂಘದ ಹಿರಿಯರು, ನಾವೆಲ್ಲ ಅವರಿಗೆ ಕಾಕಾ ಅಂತೀವಿ, ಬೀಡಿ ಕೆಳಗೆ ಹಾಕಿ ಹೇಳಿದರು: "ಸಾಹೇಬ್ರ, ಈಗ ಅಳದ್ರಿ ಖರೆ. ಸಂಕ್ರಾಂತಿ ದಾಟಿದ ಮ್ಯಾಲೆ ಒಮ್ಮಿ ಬರ್ರಿ. ಈ ನೀರ ಎಲ್ಲಿ ಹೋಗಿರ್ತೈತಿ ಅಂತ ನಾ ತೋರಸ್ತೀನಿ."

ಲೆಕ್ಕ ಸರಳ. ಡ್ಯಾಂ ಪೂರ್ತಿ ತುಂಬಿದರೆ ಮಟ್ಟ 1,633 ಅಡಿ. ಬೇಸಿಗೆ ಕೊನೆಗೆ 1,580ರ ಆಸುಪಾಸಿಗೆ ಇಳಿಯುವುದುಂಟು. ಐವತ್ತು ಅಡಿ ಎತ್ತರದ ವ್ಯತ್ಯಾಸ. ಬಾವಿಯಲ್ಲಾದರೆ ಹಗ್ಗ ಉದ್ದ ಮಾಡಿದರೆ ಆಯ್ತು. ನಮ್ಮ ದಂಡೆ ತಟ್ಟೆಯ ಅಂಚಿನ ಹಾಗೆ ಚಪ್ಪಟೆ. ಮಟ್ಟ ಒಂದಡಿ ಇಳಿದರೆ ನೀರು ಎಷ್ಟೋ ಹೆಜ್ಜೆ ಹಿಂದಕ್ಕೆ ಓಡುತ್ತೆ. ಫೆಬ್ರುವರಿಯಲ್ಲಿ ನಿಂತು ನೋಡಿದರೆ ಆ ಎಸ್ಟಿಮೇಟಿನ ಕೊನೇ ಮೆಟ್ಟಿಲಿಂದ ನೀರು ಕಣ್ಣಿಗೆ ಒಂದು ಗೆರೆಯಷ್ಟೇ. ಅಂಥ ಮೆಟ್ಟಿಲು ಕಟ್ಟಿದರೆ ವರ್ಷದಲ್ಲಿ ಎರಡು ಮೂರು ತಿಂಗಳು ಬಳಕೆ, ಉಳಿದ ಕಾಲ ಇಸ್ಪೀಟ್ ಆಡುವವರಿಗೆ ಕಟ್ಟೆ.

ತೇಲುವ ಜೆಟ್ಟಿ ಹಾಕಿಬಿಡೋಣ ಅಂತ ಇನ್ನೊಬ್ಬ ಅಧಿಕಾರಿ ಹೇಳಿದರು. ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿ ಮಾಡುತ್ತಾರಲ್ಲ, ಅದು. ನೋಡೋಕೆ ಚಂದ. ಕಡಿದಾದ ದಂಡೆ ಇದ್ದರೆ ನೀರಿನ ಜೊತೆ ಏರಿ ಇಳಿಯುತ್ತೆ. ಇಲ್ಲಿ ಡಿಸೆಂಬರಿಗೇ ಕೆಸರಿನ ಮೇಲೆ ಕೂತುಬಿಡುತ್ತೆ.

ಪರಿಹಾರ ಸಿಕ್ಕಿದ್ದು ಕಾಕಾ ಅವರಿಂದ. ನೀರು ಇಳಿದ ಮೇಲೆ ಒಂದು ದಿನ ನಮ್ಮನ್ನೆಲ್ಲ ಕರೆದುಕೊಂಡು ಹೋದರು, ಜೆಇ ಸಾಹೇಬರೂ ಬಂದಿದ್ದರು, ಅದನ್ನ ಮೆಚ್ಚಬೇಕು. ಕಾಕಾ ತೆಪ್ಪದ ಹುಟ್ಟನ್ನು ತಲೆಕೆಳಗೆ ಹಿಡಿದು ಅದರ ಕಾವನ್ನು ಕೆಸರಿಗೆ ಚುಚ್ಚುತ್ತಾ ನಡೆದರು. ಚುಚ್ಚಿದ ಕಡೆಯೆಲ್ಲ ಮೊಳ ಉದ್ದ ಇಳಿಯುತ್ತಿತ್ತು. ಒಂದು ಕಡೆ ಟಕ್ ಅಂತು. ಎರಡು ಹೆಜ್ಜೆ ಮುಂದೆ ಮತ್ತೆ ಟಕ್. ಕಾಲಲ್ಲಿ ಕೆಸರು ಸರಿಸಿದರೆ ಕೆಳಗೆ ಕಲ್ಲು. ಡ್ಯಾಂ ಆಗುವ ಮುಂಚೆ ಊರಿಂದ ಹೊಳೆಗೆ ಹೋಗುತ್ತಿದ್ದ ಬಂಡಿದಾರಿ. ಗಾಲಿ ಸವೆದ ಗುರುತು ಒಂದೆರಡು ಕಲ್ಲಿನ ಮೇಲೆ ಇನ್ನೂ ಇತ್ತು. "ನಮ್ಮಪ್ಪ ಈ ದಾರೀಲೆ ಎತ್ತ ಹೊಡಕೊಂಡ ನೀರಿಗೆ ಹೊಕ್ಕಿದ್ದ" ಅಂದರು. ದಾರಿ ಹೊಳೆ ಕಡೆಗೇ ಇಳಿಯುತ್ತೆ, ಅಂದ್ರೆ ನೀರು ಹಿಂದೆ ಸರಿಯುವ ದಿಕ್ಕಿಗೇ. ಮೇಲೆ ಅರ್ಧ ಮೊಳ ಹೂಳು, ಕೆಳಗೆ ಗಟ್ಟಿ ನೆಲ. ಜೆಇ ಸಾಹೇಬರು ಅಲ್ಲೇ ಕೂತು ಹೊಸ ನಕ್ಷೆ ಗೀಚಿದರು. ಮೇಲ್ಭಾಗ ಕಾಂಕ್ರೀಟ್ ಇಳಿಜಾರು, ಎಂಟಡಿಗೆ ಒಂದಡಿ ಇಳಿಯುವ ಹಾಗೆ. ಅಲ್ಲಿಂದ ಕೆಳಗೆ ಹಳೇ ಬಂಡಿದಾರಿ ಮೇಲಿನ ಹೂಳು ತೆಗೆದು ಗರಸು ಹಾಕುವುದು. ಕಾಂಕ್ರೀಟ್ ನುಣ್ಣಗೆ ಮಾಡಬೇಡಿ, ಹಸಿ ಇದ್ದಾಗಲೇ ಅಡ್ಡಡ್ಡ ಗೀರು ಹಾಕಿ ಅಂತ ನಾವು ಹಟ ಹಿಡಿದೆವು. ಪಾಚಿ ಕಟ್ಟಿದರೆ ನುಣುಪು ಕಾಂಕ್ರೀಟಿಗಿಂತ ಕೆಸರೇ ವಾಸಿ.

ಈಗ ಜಾಗದ ಕಾಗದ. ಪೂರ್ತಿ ಮಟ್ಟದ ಕೆಳಗಿನ ಭೂಮಿ ಪಂಚಾಯಿತಿಯದಲ್ಲ. ಯಾರ ಅಧೀನದಲ್ಲಿದೆಯೋ ಅವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ. ಒಂದು ಕಡೆ ಕೇಳಿದ ಪ್ರಶ್ನೆ: "ಇದರಿಂದ ಜಲಾಶಯದ ಸಂಗ್ರಹ ಕಮ್ಮಿ ಆಗುತ್ತಾ?" ಹೂಳು ತೆಗೀತಾ ಇದ್ದೀವಿ ಸ್ವಾಮಿ, ಇದ್ದರೆ ಎರಡು ಬುಟ್ಟಿ ಜಾಸ್ತಿಯೇ ಆಗುತ್ತೆ ಅಂತ ಬರೆದುಕೊಟ್ಟೆವು. ಈ ಭಾಗ ಇಷ್ಟಕ್ಕೇ ಸಾಕು, ಬರೆಯೋಕೆ ಬೇಜಾರು. ಒಂದು ಮಾತು ಮಾತ್ರ: ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಸೀಲು, ಕ್ರಮಸಂಖ್ಯೆ ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ಹಿಡಿದು ಬರುವವರಿಗೆ ನಾನು ಅಂಗಡಿಯಲ್ಲೇ ಬೈದು ವಾಪಸ್ ಕಳಿಸ್ತೀನಿ.

ಇನ್ನೊಂದು ತಕರಾರು ಊರೊಳಗೇ ಬಂತು. ನೀರು ಇಳಿದ ಮೇಲೆ ತೆರೆದ ನೆಲದಲ್ಲಿ ಕೆಲವರು ಬಿತ್ತುತ್ತಾರೆ. ಹೂಳು ಅಂದ್ರೆ ಗೊಬ್ಬರವೇ, ಫಸಲು ಚೆನ್ನಾಗಿ ಬರುತ್ತೆ. ಪಟ್ಟಾ ಇಲ್ಲ, ಆದರೆ ಇಂಥವರದು ಇಷ್ಟು ಅಂತ ಊರಿಗೆಲ್ಲ ಗೊತ್ತು. ಬಂಡಿದಾರಿ ಒಬ್ಬ ಅಣ್ಣನ ಕಡಲೆ ಹೊಲದ ನಡುವೆ ಹಾದಿತ್ತು. ಕಾನೂನು ಪ್ರಕಾರ ಅವನಿಗೆ ಹಕ್ಕಿಲ್ಲ ಅಂತ ಒಬ್ಬರು ಶುರು ಮಾಡಿದರು. ಹಕ್ಕಿನ ಮಾತು ತೆಗೆದರೆ ಗ್ರಾಮಸಭೆಯಲ್ಲಿ ಠರಾವು ಪಾಸಾಗೋದೇ ಇಲ್ಲ ಅಂತ ಕಾಕಾಗೆ ಗೊತ್ತಿತ್ತು. ಅವರು ಹೋಗಿ ಆ ಅಣ್ಣನ ಮನೆಯಲ್ಲಿ ಚಹಾ ಕುಡಿದು ಬಂದರು. ತೆಗೆದ ಹೂಳನ್ನೆಲ್ಲ ಅವನ ಹೊಲಕ್ಕೇ ಹಾಕೋದು, ಕಡಲೆ ಕಿತ್ತ ಮೇಲೇ ಕೆಲಸ ಶುರು ಮಾಡೋದು ಅಂತ ಮಾತಾಯಿತು. ಯಾವ ಕಡತದಲ್ಲೂ ಈ ಒಪ್ಪಂದ ಇಲ್ಲ.

ಮೊದಲು ಹೇಳಿದ ಗಂಟಿಗೆ ಬರ್ತೀನಿ. ಮಂಜೂರಾತಿ ಬಂದಿದ್ದು 2025ರ ಫೆಬ್ರುವರಿ ಕೊನೆಗೆ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮಾರ್ಚ್ ಎಂಡ್. 31ರ ಒಳಗೆ ಬಿಲ್ ಆಗಬೇಕು. ಆದರೆ ಇಳಿಜಾರಿನ ಕೆಳತುದಿ ಒಣಗೋದೇ ಏಪ್ರಿಲ್‌ನಲ್ಲಿ. ಗುತ್ತಿಗೆದಾರ ಹೇಳಿದ ಉಪಾಯ, ಒಣಗಿದಷ್ಟು ಕಡೆ ಕಾಂಕ್ರೀಟ್ ಹಾಕಿ ಪೂರ್ತಿ ಬಿಲ್ ಮಾಡಿಬಿಡೋಣ. ಅಂದ್ರೆ ಮತ್ತೆ ಅದೇ ಇಸ್ಪೀಟ್ ಕಟ್ಟೆ. ನಾವು ಒಪ್ಪಲಿಲ್ಲ. ಜೆಇ ಸಾಹೇಬರೇ ದಾರಿ ಹೇಳಿದರು: ಕೆಲಸವನ್ನು ಎರಡು ಭಾಗ ಮಾಡಿ. ಮೇಲಿನ ನಿಲುಗಡೆ ಜಾಗ, ಮೆಟ್ಟಿಲು, ಇಳಿಜಾರಿನ ಮೊದಲ ಭಾಗ ಮಾರ್ಚ್ ಒಳಗೆ ಮುಗಿಸಿ ಎಂಬಿ, ಅಂದ್ರೆ ಅಳತೆ ಪುಸ್ತಕ, ಬರೆಸೋದು. ಉಳಿದ ಇಳಿಜಾರನ್ನು ಮುಂದುವರಿದ ಕಾಮಗಾರಿ ಅಂತ ಹೊಸ ವರ್ಷಕ್ಕೆ ತೋರಿಸೋದು. ಹಳೇ ಬಂಡಿದಾರಿಯ ಹೂಳು ತೆಗೆಯೋದನ್ನು ನರೇಗಾಕ್ಕೆ ಹಾಕೋದು, ಅದು ಬೇಸಿಗೆಯದೇ ಕೆಲಸ, ಊರವರಿಗೆ 2025-26ರ ದರದಂತೆ ದಿನಕ್ಕೆ 370 ರೂಪಾಯಿ ಕೂಲಿಯೂ ಸಿಗುತ್ತಿತ್ತು. ಮೊದಲೇ ಹೀಗೆ ಅರ್ಜಿ ಬರೆದಿದ್ದರೆ ಅಂತ ಯಾರಾದರೂ ಕೇಳಬಹುದು. ಆದರೆ ಎಸ್ಟಿಮೇಟ್ ಫಾರಂನಲ್ಲಿ ಕೆಲಸದ ಜಾಗ ಯಾವ ತಿಂಗಳು ನೀರೊಳಗಿರುತ್ತೆ ಅಂತ ಕೇಳುವ ಕಾಲಂ ಒಂದೂ ಇಲ್ಲ. ಜಲಾಶಯದ ದಂಡೆಯ ಕೆಲಸಕ್ಕೂ ಊರೊಳಗಿನ ಚರಂಡಿಗೂ ಅದೇ ಫಾರಂ.

ನರೇಗಾ ಕೆಲಸ ಮೇ ತಿಂಗಳಲ್ಲಿ ನಡೆಯಿತು. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದುಬಿಟ್ಟಿತು. ಮಲೆನಾಡಲ್ಲಿ ಮಳೆ ಅಂತ ಟಿವಿಯಲ್ಲಿ ಬಂದರೆ ಸಾಕು, ಇಲ್ಲಿ ಎಲ್ಲರ ಕೈ ಜೋರಾಗುತ್ತಿತ್ತು. ಗರಸಿನ ಕೊನೇ ಟ್ರ್ಯಾಕ್ಟರ್ ಸುರಿದು ಹೋದ ವಾರದೊಳಗೇ ಒಳಹರಿವು ಶುರು. ಬಂಡಿದಾರಿಯ ತೀರಾ ಕೆಳಗಿನ ತುಂಡು ಹಾಗೇ ಉಳಿಯಿತು.

ಆದರೂ ನಮ್ಮ ಹಟಕ್ಕೆ ಬೆಲೆ ಗೊತ್ತಾಗಿದ್ದು ಅದೇ ವರ್ಷ. ಗೇಟುಗಳ ಸ್ಥಿತಿ ನೋಡಿ 2025ರಲ್ಲಿ ಡ್ಯಾಂನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿದರು. ಅಂದ್ರೆ ನೀರು 1,633 ಮುಟ್ಟಲೇ ಇಲ್ಲ. ಮೊದಲ ಎಸ್ಟಿಮೇಟ್ ಪ್ರಕಾರ ಕಟ್ಟಿದ್ದರೆ ಮೆಟ್ಟಿಲಿಗೆ ಒಂದು ದಿನವೂ ನೀರು ತಾಗುತ್ತಿರಲಿಲ್ಲ. ಈಗಿನ ಇಳಿಜಾರಿನ ನಡುಮಧ್ಯಕ್ಕೆ ನೀರು ಬಂದು ನಿಂತಿತ್ತು. ಟಾಟಾ ಏಸ್ ಹಿಮ್ಮುಖವಾಗಿ ಇಳಿದು ತೆಪ್ಪದ ಪಕ್ಕಕ್ಕೇ ನಿಲ್ಲುತ್ತದೆ, ಕ್ರೇಟ್ ಕೈಯಿಂದ ಕೈಗೆ ಹೋಗುತ್ತದೆ. ಗಾಳದವರು ಮೆಟ್ಟಿಲ ಮೇಲೆ. ಬೆಳಗ್ಗೆ ಎಂಟರವರೆಗೆ ಇಳಿಜಾರು ಮೀನುಗಾರರದು, ಅಲ್ಲಿ ಯಾರೂ ಗಾಳ ಹಾಕಬಾರದು ಅಂತ ಬಣ್ಣದಲ್ಲಿ ಬರೆದಿದ್ದೇವೆ. ಒಂದಿಬ್ಬರು ಕಾಲೇಜು ಹುಡುಗರು ಬಿಟ್ಟರೆ ಎಲ್ಲರೂ ಪಾಲಿಸುತ್ತಾರೆ.

ಕಾಮಗಾರಿ ಬೋರ್ಡಿನಲ್ಲಿ ಮೊತ್ತ, ಗುತ್ತಿಗೆದಾರರ ಹೆಸರು, ವರ್ಷ ಎಲ್ಲಾ ಇದೆ. ನಿರ್ವಹಣೆ ಯಾರದು ಅಂತ ಇಲ್ಲ. ಒಂದು ಮಳೆಗಾಲಕ್ಕೇ ಇಳಿಜಾರಿನ ಮೇಲೆ ಗೇಣುದ್ದ ಹೂಳು ಬಂದು ಕೂತಿತ್ತು. ಸಂಘದವರೂ ನಾವೂ ಅರ್ಧರ್ಧ ದುಡ್ಡು ಹಾಕಿ ಜೆಸಿಬಿ ತರಿಸಿ ಎಳೆಸಿದೆವು. ಬೈಕಿಗೆ ಹತ್ತು ರೂಪಾಯಿ ನಿಲುಗಡೆ ಶುಲ್ಕ ಇಟ್ಟು ಆ ದುಡ್ಡು ಇದಕ್ಕೇ ಅಂತ ಬೇರೆ ಖಾತೆ ಮಾಡಿ ಅಂತ ಪಂಚಾಯಿತಿಗೆ ಕೇಳಿದ್ದೇವೆ. ಶುಲ್ಕಕ್ಕೆ ಕೂಡಲೇ ಒಪ್ಪಿದರು, ಬೇರೆ ಖಾತೆಗೆ ಇನ್ನೂ ಇಲ್ಲ. ಗೇಟ್ ಬದಲಿಸುವ ಕೆಲಸಕ್ಕೆ ಅಂತ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲ್ಲ ಅಂದರು. ರೈತರಿಗೆ ಅದು ದೊಡ್ಡ ಪೆಟ್ಟು, ಆ ಕಡಲೆ ಅಣ್ಣನ ನೀರಾವರಿ ಗದ್ದೆಯೂ ಅದರಲ್ಲಿದೆ. ಬಂಡಿದಾರಿಯ ಉಳಿದ ತುಂಡಿನ ಎಸ್ಟಿಮೇಟ್ ಮಾತ್ರ ಈಗಲೇ ಕೊಟ್ಟಿದ್ದೇವೆ, ಸ್ವೀಕೃತಿ ಸೀಲು ಸಮೇತ. ಅರ್ಜಿಯ ಮೊದಲ ಸಾಲಿನಲ್ಲೇ ಕೆಂಪು ಪೆನ್ನಲ್ಲಿ ಬರೆದಿದ್ದೇವೆ, ಕೆಲಸದ ಜಾಗ ಒಣಗಿರುವ ತಿಂಗಳು ಯಾವುದು ಅಂತ.